ರಕ್ತದ ಒತ್ತಡದ ಔಷಧಕ್ಕೆ ಪಥ್ಯವುಂಟೆ?

ನಮ್ಮ ಹಳೆಯ ವೈದ್ಯರು ಔಷಧವನ್ನು ಕೊಡುವಾಗ ಎರಡು ಮಾತುಗಳನ್ನು ತಪ್ಪದೆ ಹೇಳುತ್ತಿದ್ದರು. ಒಂದು ಅನುಪಾನ, ಮತ್ತೊಂದು ಪಥ್ಯ. ಔಷಧವನ್ನು ಜೇನಿನಲ್ಲಿ ಸೇವಿಸಬೇಕೊ, ಹಾಲಿನಲ್ಲಿ ಸೇವಿಸಬೇಕೊ, ಬಿಸಿನೀರಿನಲ್ಲಿ ಸೇವಿಸಬೇಕೊ ಎಂಬುದು ಅನುಪಾನ. ಔಷಧವು ನಡೆಯುತ್ತಿರುವಷ್ಟು ಕಾಲ ಏನನ್ನು ಉಣ್ಣಬಹುದು, ಏನನ್ನು ಬಿಡಬೇಕು ಎಂಬುದು ಪಥ್ಯ. ಪಾಶ್ಚಾತ್ಯ ವೈದ್ಯಪದ್ಧತಿಯು ನಮ್ಮ ಊರುಗಳಲ್ಲಿ ನೆಲೆಗೊಂಡ ಮೇಲೆ "ಇಂಗ್ಲಿಷ್ ಔಷಧಕ್ಕೆ ಪಥ್ಯವಿಲ್ಲ" ಎಂಬ ಮಾತು ಜನರಲ್ಲಿ ಬಳಕೆಗೆ ಬಂದಿತು. ಮಾತ್ರೆಯನ್ನು ನುಂಗಿ ಒಂದು ಗುಟುಕು ನೀರು ಕುಡಿದರೆ ತೀರಿತು, ಉಳಿದ ಕೆಲಸವನ್ನು ಅದು ತಾನೇ ನೋಡಿಕೊಳ್ಳುವುದೆಂದು ವಿದ್ಯಾವಂತರು ಕೂಡ ನಂಬಿರುವುದುಂಟು. ಈ ನಂಬಿಕೆಯು ಎಷ್ಟರ ಮಟ್ಟಿಗೆ ಸರಿಯಾದುದು ಎಂಬುದನ್ನು, ಇಂದು ಅಸಂಖ್ಯ ಮನೆಗಳಲ್ಲಿ ದಿನವೂ ಬಳಸುವ ರಕ್ತದ ಒತ್ತಡದ ಔಷಧಗಳನ್ನು ಉದಾಹರಣೆಯಾಗಿಟ್ಟುಕೊಂಡು ವಿಚಾರಮಾಡಬೇಕೆಂಬುದೇ ಈ ಭಾಷಣದ ಉದ್ದೇಶ.

ಮೊದಲು ರೋಗದ ಸ್ವರೂಪವನ್ನು ಸಂಕ್ಷೇಪವಾಗಿ ಹೇಳಬೇಕು. ಹೃದಯವು ರಕ್ತವನ್ನು ನೂಕುವಾಗ ನಾಳಗಳ ಗೋಡೆಯ ಮೇಲೆ ಬೀಳುವ ಭಾರವೇ ರಕ್ತದ ಒತ್ತಡ. ಇದನ್ನು ಪಾದರಸದ ಮಿಲಿಮೀಟರುಗಳಲ್ಲಿ ಹೇಳುವುದು ವಾಡಿಕೆ. ಹೃದಯವು ಸಂಕುಚಿತವಾದಾಗ ದೊರೆಯುವ ಅಂಕವು ಮೇಲಿನದು. ಸಡಿಲವಾದಾಗ ದೊರೆಯುವ ಅಂಕವು ಕೆಳಗಿನದು. 120ಕ್ಕೆ 80 ಎಂಬುದು ಆರೋಗ್ಯವಂತರ ಅಳತೆ. ಬೇರೆಬೇರೆ ದಿನಗಳಲ್ಲಿ ನೋಡಿದರೂ 140ಕ್ಕೆ 90 ಅಥವಾ ಅದಕ್ಕೆ ಮೇಲ್ಪಟ್ಟೇ ಇದ್ದರೆ ಅಧಿಕ ಒತ್ತಡವೆಂದು ಸಾಮಾನ್ಯವಾಗಿ ನಿರ್ಣಯಿಸುತ್ತಾರೆ. ನಮ್ಮ ದೇಶದ ವಯಸ್ಕರಲ್ಲಿ ಸುಮಾರು ನಾಲ್ವರಿಗೊಬ್ಬರಂತೆ ಈ ಬಾಧೆಗೆ ಒಳಗಾಗಿದ್ದಾರೆ. ಇದಕ್ಕೆ ನೋವಿಲ್ಲ, ಜ್ವರವಿಲ್ಲ. ಹೆಚ್ಚು ಜನರಲ್ಲಿ ಯಾವ ಸೂಚನೆಯನ್ನೂ ಕೊಡದೆ ಇದು ವರ್ಷಗಟ್ಟಲೆ ಮಿದುಳು, ಹೃದಯ, ಮೂತ್ರಪಿಂಡ, ಕಣ್ಣು ಇವುಗಳ ನಾಳಗಳನ್ನು ಕೆಡಿಸುತ್ತ ಹೋಗಿ, ಒಂದು ದಿನ ಪಾರ್ಶ್ವವಾಯುವಿನ ರೂಪದಲ್ಲಿಯೊ ಹೃದಯಾಘಾತದ ರೂಪದಲ್ಲಿಯೊ ಪ್ರಕಟವಾಗುತ್ತದೆ.

ಔಷಧವಿಲ್ಲದ ಕಾಲದಲ್ಲಿ ಈ ರೋಗವು ಏನು ಮಾಡಬಲ್ಲುದಾಗಿತ್ತು ಎಂಬುದಕ್ಕೆ ಅಮೆರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟರ ಮರಣಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಜಗತ್ತಿನ ಅತ್ಯುತ್ತಮ ವೈದ್ಯಸಹಾಯವು ಕೈಯಳತೆಯಲ್ಲಿಯೇ ಇದ್ದ ಅವರಿಗೆ ವೈದ್ಯರು ಮುಖ್ಯವಾಗಿ ಮಾಡಲು ಸಾಧ್ಯವಾದುದು ಉಪ್ಪನ್ನು ಕಡಮೆಮಾಡಿಸುವುದು, ವಿಶ್ರಾಂತಿಯನ್ನು ವಿಧಿಸುವುದು, ಹೃದಯಕ್ಕೆ ಡಿಜಿಟಾಲಿಸ್ ಕೊಡುವುದು, ಇಷ್ಟೆ. 1945ನೆಯ ಏಪ್ರಿಲ್ 12ರಂದು ಮಿದುಳಿನಲ್ಲಿ ರಕ್ತಸ್ರಾವವಾದಾಗ ಅವರ ಒತ್ತಡವು 300ಕ್ಕೆ 190 ಇದ್ದಿತು. ಅದೇ ದಿನ ಅವರು ತೀರಿಕೊಂಡರು. ನಾಲ್ಕು ವರ್ಷಗಳ ತರುವಾಯ, 1949ರಲ್ಲಿ, ಮುಂಬಯಿಯ ವೈದ್ಯರಾದ ರುಸ್ತುಂ ಜಾಲ್ ವಕೀಲರು ನಮ್ಮ ನಾಡಿನ ಸರ್ಪಗಂಧದ ಬೇರು ಒತ್ತಡವನ್ನು ಇಳಿಸುವುದೆಂಬುದನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿ ಲೋಕದ ವೈದ್ಯರ ಗಮನವನ್ನು ಸೆಳೆದರು. ಆಮೇಲಿನ ದಶಕಗಳಲ್ಲಿ ಒಂದರ ಹಿಂದೊಂದು ಒಳ್ಳೆಯ ಔಷಧಗಳು ಬಂದುವು. ಇಂದು ಔಷಧಕ್ಕೆ ಕೊರತೆಯಿಲ್ಲ. ಆದರೆ ಕೊಂಡ ಔಷಧವು ರಕ್ತವನ್ನು ಸೇರಿ ತನ್ನ ಕೆಲಸವನ್ನು ಪೂರ್ತಿಯಾಗಿ ಮಾಡುವುದೆ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರದ ಒಂದು ಭಾಗವು ನಮ್ಮ ಅಡಿಗೆಮನೆಯಲ್ಲಿಯೇ ಇದೆ.

ಮುಂದಿನ ವಿಷಯವು ಸುಲಭವಾಗಿ ತಿಳಿಯಬೇಕಾದರೆ ಔಷಧಗಳ ಕುಲಗಳನ್ನು ಗುರುತಿಸುವ ಒಂದು ಉಪಾಯವನ್ನು ಹೇಳಿಬಿಡುವುದು ಒಳ್ಳೆಯದು. ಮಾತ್ರೆಯ ಹಾಳೆಯ ಮೇಲೆ ತಯಾರಕರು ಇಟ್ಟ ಹೆಸರಲ್ಲದೆ ಔಷಧದ ನಿಜನಾಮವೂ ಅಚ್ಚಾಗಿರುತ್ತದೆ. ಆ ಹೆಸರಿನ ಕೊನೆಯನ್ನು ನೋಡಬೇಕು. ಎನಲಾಪ್ರಿಲ್, ರಾಮಿಪ್ರಿಲ್ ಎಂದು "ಪ್ರಿಲ್" ಬಂದರೆ ಒಂದು ಕುಲ. ಲೋಸಾರ್ಟಾನ್, ಟೆಲ್ಮಿಸಾರ್ಟಾನ್ ಎಂದು "ಸಾರ್ಟಾನ್" ಬಂದರೆ ಅದರ ದಾಯಾದಿ. ಅಮ್ಲೊಡಿಪಿನ್, ಫೆಲೊಡಿಪಿನ್ ಎಂಬ "ಡಿಪಿನ್" ಗಳು ನಾಳಗಳ ಗೋಡೆಯನ್ನು ಸಡಿಲಿಸುವಂಥವು. ಅಟೆನೊಲಾಲ್, ಮೆಟೊಪ್ರೊಲಾಲ್ ಮುಂತಾದ "ಲಾಲ್" ಗಳು ಹೃದಯದ ವೇಗವನ್ನು ತಗ್ಗಿಸುವಂಥವು. ಇವಲ್ಲದೆ ಮೂತ್ರವನ್ನು ಹೆಚ್ಚಿಸಿ ಉಪ್ಪು ನೀರುಗಳನ್ನು ಹೊರಹಾಕುವ ಔಷಧಗಳುಂಟು.

ಬಾಯಿಯಿಂದ ಹೊರಟ ಮಾತ್ರೆಯು ರಕ್ತವನ್ನು ಸೇರುವುದಕ್ಕೆ ಮುಂಚೆ ಎರಡು ಸುಂಕದ ಕಟ್ಟೆಗಳನ್ನು ದಾಟಬೇಕು. ಮೊದಲನೆಯದು ಜಠರ ಮತ್ತು ಕರುಳು. ಇಲ್ಲಿ ಅದು ಕರಗಿ ಕರುಳಿನ ಗೋಡೆಯನ್ನು ಹೊಗಬೇಕು. ಎರಡನೆಯದು ಕರುಳಿನ ಗೋಡೆಯಲ್ಲಿಯೂ ಯಕೃತ್ತಿನಲ್ಲಿಯೂ ಇರುವ ಕಿಣ್ವಗಳೆಂಬ ದ್ರವ್ಯಗಳು. ಇವು ಔಷಧದ ಒಂದು ಭಾಗವನ್ನು ಒಡೆದುಹಾಕಿ ಉಳಿದುದನ್ನು ಮಾತ್ರ ಮುಂದಕ್ಕೆ ಬಿಡುತ್ತವೆ. ಇವೆರಡನ್ನೂ ದಾಟಿದ ಮೇಲೆ ಔಷಧವು ತನ್ನ ಕಾರ್ಯಸ್ಥಾನವನ್ನು ಮುಟ್ಟುತ್ತದೆ. ಅಲ್ಲಿಯೂ ನಾವು ಉಂಡ ಉಪ್ಪು ಮೊದಲಾದುವು ಅದಕ್ಕೆ ಎದುರಾಗಿಯೊ ಸಹಾಯವಾಗಿಯೊ ಕಾದಿರುತ್ತವೆ. ಈ ಮೂರು ಸ್ಥಾನಗಳನ್ನು ಕ್ರಮವಾಗಿ ನೋಡೋಣ.

ಮೊದಲನೆಯ ಕಟ್ಟೆಯಲ್ಲಿ ಎಲ್ಲ ಔಷಧಗಳಿಗೂ ಒಂದೇ ನಿಯಮವಿಲ್ಲ. ಕೆಲವಕ್ಕೆ ಅನ್ನವು ಅಡ್ಡಿ. "ಪ್ರಿಲ್" ಕುಲದ ಮೂಲಪುರುಷನಾದ ಕ್ಯಾಪ್ಟೊಪ್ರಿಲ್ ಇದಕ್ಕೆ ಉದಾಹರಣೆ. ಬ್ರೆಜಿಲ್ ದೇಶದ ಜರಾರಾಕ ಎಂಬ ಮಂಡಲಹಾವಿನ ವಿಷದಲ್ಲಿ ಒಂದು ವಿಶೇಷದ್ರವ್ಯವಿದೆಯೆಂದು ಸೆರ್ಜಿಯೊ ಫೆರೇರಾ ಎಂಬ ವಿಜ್ಞಾನಿ 1965ರಲ್ಲಿ ತಿಳಿಸಿದರು. ಆ ಸುಳುವನ್ನು ಹಿಡಿದು ಅಮೆರಿಕದಲ್ಲಿ ತಯಾರಾದ ಈ ಔಷಧವು 1981ರಲ್ಲಿ ಬಳಕೆಗೆ ಬಂದಿತು. ಹಾವಿನ ವಿಷದಿಂದ ಇಷ್ಟು ದೂರ ಬಂದ ಔಷಧವು ಅನ್ನದ ಮುಂದೆ ಸೋಲುತ್ತದೆ. ಊಟದೊಡನೆ ಸೇವಿಸಿದರೆ ರಕ್ತವನ್ನು ಸೇರುವ ಭಾಗವು ನೂರಕ್ಕೆ 30ರಿಂದ 40ರಷ್ಟು ಕಡಮೆಯಾಗುತ್ತದೆ. ಆದುದರಿಂದಲೇ ಇದನ್ನು ಊಟಕ್ಕೆ ಒಂದು ಗಂಟೆ ಮುಂಚೆ ಸೇವಿಸಬೇಕೆಂಬ ಕಟ್ಟಳೆಯಿದೆ. ಇದೇ ಕುಲದ ಪೆರಿಂಡೊಪ್ರಿಲ್ ಕೂಡ ಊಟದೊಡನೆ ಸೇರಿದರೆ ದುರ್ಬಲವಾಗುವುದರಿಂದ ಅದನ್ನು ಬೆಳಗಿನ ಆಹಾರಕ್ಕೆ ಮುಂಚೆ ಕೊಡುವ ಪದ್ಧತಿಯುಂಟು. ಆದರೆ ಎನಲಾಪ್ರಿಲ್, ಲಿಸಿನೊಪ್ರಿಲ್ ಎಂಬ ಅದರ ಬಂಧುಗಳಿಗೆ ಊಟದ ಪರಿವೆಯೇ ಇಲ್ಲ. ಕುಲ ಒಂದೇ ಆದರೂ ಸ್ವಭಾವ ಒಂದೇ ಅಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು.

ಮತ್ತೆ ಕೆಲವಕ್ಕೆ ಅನ್ನವು ಸಹಾಯಕ. ಪ್ರೊಪ್ರನೊಲಾಲ್ ಎಂಬ ಔಷಧದ ಬಹುಭಾಗವನ್ನು ಯಕೃತ್ತು ಮೊದಲ ಸಲವೇ ಒಡೆದುಹಾಕುತ್ತದೆ. ಸಸಾರಜನಕವು ಹೆಚ್ಚಾಗಿರುವ ಊಟದೊಡನೆ ಸೇವಿಸಿದರೆ ತಪ್ಪಿಸಿಕೊಂಡು ರಕ್ತವನ್ನು ಸೇರುವ ಭಾಗವು ಸುಮಾರು ಅರ್ಧದಷ್ಟು ಹೆಚ್ಚುತ್ತದೆ. ಸ್ಪೈರೊನೊಲ್ಯಾಕ್ಟೋನ್ ಎಂಬುದನ್ನು ಆಹಾರದೊಡನೆ ಸೇವಿಸಿದರೆ ರಕ್ತವನ್ನು ಸೇರುವ ಪ್ರಮಾಣವು ಸುಮಾರು ಎರಡರಷ್ಟಾಗುತ್ತದೆ. ಕಾರ್ವೆಡಿಲೊಲ್ ವಿಷಯದಲ್ಲಿ ಅನ್ನದ ಉಪಕಾರವು ಇನ್ನೊಂದು ಬಗೆಯದು. ಬರಿಯ ಹೊಟ್ಟೆಯಲ್ಲಿ ಅದು ಬೇಗನೆ ರಕ್ತಕ್ಕೆ ನುಗ್ಗಿ, ಎದ್ದು ನಿಂತವರಿಗೆ ಒತ್ತಡವು ಥಟ್ಟನೆ ಇಳಿದು ಕಣ್ಣು ಕತ್ತಲೆಗಟ್ಟುವಂತೆ ಮಾಡಬಹುದು. ಊಟದೊಡನೆ ಸೇವಿಸಿದರೆ ಮೆಲ್ಲನೆ ಏರುತ್ತದೆ. ಲರ್ಕಾನಿಡಿಪಿನ್ ಎಂಬುದರ ಸ್ಥಿತಿ ಇದಕ್ಕೆ ತೀರ ವಿರುದ್ಧ. ಜಿಡ್ಡು ಹೆಚ್ಚಾದ ಊಟದ ಮೇಲೆ ಅದನ್ನು ಸೇವಿಸಿದರೆ ರಕ್ತದಲ್ಲಿ ಅದರ ಪ್ರಮಾಣವು ನಾಲ್ಕರಷ್ಟಾಗಬಹುದಾದುದರಿಂದ ಊಟಕ್ಕೆ ಕಾಲುಗಂಟೆಯಾದರೂ ಮುಂಚೆಯೇ ಸೇವಿಸಬೇಕೆಂದು ವಿಧಿಸಿದ್ದಾರೆ. ನಮ್ಮ ದೇಶದಲ್ಲಿ ಬಹಳವಾಗಿ ಬಳಕೆಯಲ್ಲಿರುವ ಅಮ್ಲೊಡಿಪಿನ್ ಮಾತ್ರ ಊಟಕ್ಕೆ ಮುಂಚೆಯಾಗಲಿ ಆಮೇಲಾಗಲಿ ಒಂದೇ ರೀತಿಯಾಗಿ ನಡೆದುಕೊಳ್ಳುತ್ತದೆ.

ಈ ವಿವರಗಳನ್ನೆಲ್ಲ ಶ್ರೋತೃಗಳು ನೆನಪಿನಲ್ಲಿಡಬೇಕೆಂದು ನಾವು ಹೇಳುವುದಿಲ್ಲ. ಇವುಗಳಿಂದ ಹೊರಡುವ ತಾತ್ಪರ್ಯವನ್ನು ಮಾತ್ರ ಹಿಡಿದರೆ ಸಾಕು. ನೆರೆಮನೆಯವರ ಮಾತ್ರೆಯ ನಿಯಮವು ನಮ್ಮ ಮಾತ್ರೆಗೆ ಸಲ್ಲದು. ಊಟಕ್ಕೆ ಮುಂಚೆ ಎಂದು ಹೇಳಿದ್ದರೆ ಅದು ಬರಿಯ ಸಂಪ್ರದಾಯವಲ್ಲ. ಎರಡೂ ಆಗಬಹುದು ಎಂದಿದ್ದರೂ ಇಂದು ಖಾಲಿ ಹೊಟ್ಟೆ, ನಾಳೆ ತುಂಬಿದ ಹೊಟ್ಟೆ ಎಂಬ ಅವ್ಯವಸ್ಥೆಗಿಂತ ದಿನವೂ ಒಂದೇ ಹೊತ್ತು, ಒಂದೇ ಕ್ರಮ ಎಂಬುದು ಮೇಲು. ಹಾಗೆ ನಡೆದರೆ ವೈದ್ಯರು ಒತ್ತಡವನ್ನು ಅಳೆದು ಪ್ರಮಾಣವನ್ನು ನಿಶ್ಚಯಿಸುವುದಕ್ಕೆ ಒಂದು ಆಧಾರವಿರುತ್ತದೆ.

ಇನ್ನು ಅನುಪಾನದ ವಿಷಯ. ಮಾತ್ರೆಯನ್ನು ಹಣ್ಣಿನ ರಸದೊಡನೆ ನುಂಗುವುದು ಪುಷ್ಟಿಕರವೆಂದು ಕೆಲವರು ಭಾವಿಸುತ್ತಾರೆ. ಕೆಲವು ಔಷಧಗಳನ್ನು ಕರುಳಿನ ಗೋಡೆಯು ತಾನಾಗಿ ಒಳಕ್ಕೆ ಬಿಡುವುದಿಲ್ಲ. ಅವನ್ನು ಹೊತ್ತು ದಾಟಿಸುವ ಅಂಬಿಗರಂಥ ವಾಹಕಗಳು ಅಲ್ಲಿವೆ. ಹಣ್ಣಿನ ರಸದ ಕೆಲವು ಅಂಶಗಳು ಈ ಅಂಬಿಗರನ್ನು ತಡೆಯುತ್ತವೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. 2005ರಲ್ಲಿ ಫಿನ್ಲೆಂಡಿನಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ, ಕಿತ್ತಳೆಯ ರಸವನ್ನು ದಿನಕ್ಕೆ ಹಲವು ಸಲ ಕುಡಿದವರ ರಕ್ತದಲ್ಲಿ ಅಟೆನೊಲಾಲಿನ ಪ್ರಮಾಣವು ನೂರಕ್ಕೆ 40ರಷ್ಟು ಕುಂದಿತು. 2014ರಲ್ಲಿ ಜಪಾನಿನಲ್ಲಿ ಎರಡು ವಾರ ಹಸಿರು ಚಹಾ ಕುಡಿದವರ ರಕ್ತದಲ್ಲಿ ನಾಡೊಲಾಲ್ ಎಂಬುದು ನೂರಕ್ಕೆ 85ರಷ್ಟು ಕುಂದಿತು. ಕಿತ್ತಳೆಯೂ ಚಹಾವೂ ಸ್ವತಃ ಕೆಟ್ಟವೇನಲ್ಲ. ಮಾತ್ರೆಗೆ ಅನುಪಾನವಾಗುವುದಕ್ಕೆ ತಕ್ಕವಲ್ಲ, ಅಷ್ಟೆ. ರಕ್ತದ ಒತ್ತಡದ ಮಾತ್ರೆಗೆ ಎಲ್ಲ ಕಾಲಕ್ಕೂ ನಿರಪಾಯವಾದ ಅನುಪಾನವೆಂದರೆ ಒಂದು ಲೋಟ ನೀರು.

ಎರಡನೆಯ ಕಟ್ಟೆಯ ಕಥೆಯು ವೈದ್ಯಚರಿತ್ರೆಯಲ್ಲಿ ಪ್ರಸಿದ್ಧವಾದುದು. ಕೆನಡಾ ದೇಶದ ಲಂಡನ್ ಎಂಬ ಊರಿನಲ್ಲಿ ಡೇವಿಡ್ ಬೇಲಿ ಮತ್ತು ಅವರ ಸಂಗಡಿಗರು ಮದ್ಯವು ಫೆಲೊಡಿಪಿನ್ ಔಷಧದ ಮೇಲೆ ಏನು ಪರಿಣಾಮ ಮಾಡುವುದೆಂದು ಪರೀಕ್ಷಿಸುತ್ತಿದ್ದರು. ಮದ್ಯದ ರುಚಿಯು ತಿಳಿಯದಂತೆ ಅದನ್ನು ಗ್ರೇಪ್‌ಫ್ರೂಟ್ ಹಣ್ಣಿನ ರಸದಲ್ಲಿ ಬೆರಸಿಕೊಟ್ಟರು. ರಕ್ತದಲ್ಲಿ ಔಷಧದ ಪ್ರಮಾಣವು ನಿರೀಕ್ಷೆಯನ್ನು ಮೀರಿ ಏರಿತು. ದೋಷವು ಮದ್ಯದ್ದಲ್ಲ, ಅದನ್ನು ಮರೆಮಾಡಲು ಬಳಸಿದ ಹಣ್ಣಿನ ರಸದ್ದೆಂದು ಆಮೇಲೆ ಗೊತ್ತಾಯಿತು. 1991ರಲ್ಲಿ ಪ್ರಕಟವಾದ ಅವರ ಲೇಖನದಂತೆ, ನೀರಿನೊಡನೆ ಸೇವಿಸಿದಾಗ ರಕ್ತಕ್ಕೆ ಸೇರುವ ಫೆಲೊಡಿಪಿನ್ 100 ಎಂದು ಎಣಿಸಿದರೆ, ಈ ರಸದೊಡನೆ ಸೇವಿಸಿದಾಗ ಅದು ಸರಾಸರಿ 284 ಆಗಿತ್ತು. ಒಂದು ಮಾತ್ರೆಯನ್ನು ನುಂಗಿದವನು ಸುಮಾರು ಮೂರು ಮಾತ್ರೆಗಳನ್ನು ನುಂಗಿದಂತಾಯಿತು.

ಇದರ ಕಾರಣವು ಹೀಗೆ. ಕರುಳಿನ ಗೋಡೆಯಲ್ಲಿರುವ ಒಂದು ಕಿಣ್ವವು ಫೆಲೊಡಿಪಿನ್ನಿನ ಬಹುಭಾಗವನ್ನು ಒಡೆಯುವುದು ಸಹಜವಾದ ವ್ಯವಸ್ಥೆ. ಔಷಧದ ಪ್ರಮಾಣವನ್ನು ಗೊತ್ತುಮಾಡಿರುವುದು ಕೂಡ ಈ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡೇ. ಗ್ರೇಪ್‌ಫ್ರೂಟಿನ ಕೆಲವು ದ್ರವ್ಯಗಳು ಆ ಕಿಣ್ವವನ್ನು ಶಾಶ್ವತವಾಗಿ ನಿಷ್ಕ್ರಿಯಗೊಳಿಸುತ್ತವೆ. ದೇಹವು ಹೊಸ ಕಿಣ್ವವನ್ನು ತಯಾರಿಸುವುದಕ್ಕೆ ಒಂದರಿಂದ ಮೂರು ದಿನಗಳು ಬೇಕು. ಆದುದರಿಂದ ಬೆಳಿಗ್ಗೆ ಹಣ್ಣು, ರಾತ್ರಿ ಮಾತ್ರೆ ಎಂದು ಕಾಲವನ್ನು ಬೇರೆಮಾಡಿದರೂ ಪ್ರಯೋಜನವಿಲ್ಲ. ಅಮ್ಲೊಡಿಪಿನ್ನಿನ ಮೇಲೆ ಇದರ ಪ್ರಭಾವವು ಬಹಳ ಅಲ್ಪ. ಆದರೆ ರಕ್ತದ ಕೊಬ್ಬನ್ನು ಇಳಿಸಲು ಒತ್ತಡದ ರೋಗಿಗಳಿಗೆ ಜತೆಯಲ್ಲಿಯೇ ಕೊಡುವ ಸಿಮ್ವಾಸ್ಟಾಟಿನ್ ಮುಂತಾದ ಔಷಧಗಳನ್ನು ಈ ಹಣ್ಣು ಕೆರಳಿಸುತ್ತದೆ.

ಗ್ರೇಪ್‌ಫ್ರೂಟು ನಮ್ಮಲ್ಲಿ ಅಪರೂಪವಾದುದು, ಅದರ ಚಿಂತೆ ನಮಗೇಕೆ ಎಂದು ಕೇಳಬಹುದು. 18ನೆಯ ಶತಮಾನದಲ್ಲಿ ವೆಸ್ಟ್ ಇಂಡೀಸಿನ ಬಾರ್ಬಡೋಸ್ ದ್ವೀಪದಲ್ಲಿ ಚಕ್ಕೋತವೂ ಕಿತ್ತಳೆಯೂ ಅಕಸ್ಮಾತ್ತಾಗಿ ಕೂಡಿ ಹುಟ್ಟಿದ ಹಣ್ಣು ಅದು. ದೇವನಹಳ್ಳಿಯ ಚಕ್ಕೋತದ ರುಚಿಯನ್ನು ಬಲ್ಲವರು ನಮ್ಮ ಶ್ರೋತೃಗಳಲ್ಲಿ ಅನೇಕರಿರಬಹುದು. ಗ್ರೇಪ್‌ಫ್ರೂಟಿನಲ್ಲಿರುವ ಅಂಥ ದ್ರವ್ಯಗಳು ಚಕ್ಕೋತದ ಕೆಲವು ತಳಿಗಳಲ್ಲಿಯೂ ಕಂಡುಬಂದಿವೆ. ಫೆಲೊಡಿಪಿನ್ ಅಥವಾ ನಿಫೆಡಿಪಿನ್ ಸೇವಿಸುವವರು ಚಕ್ಕೋತವನ್ನು ತಿನ್ನುವ ಮುಂಚೆ ವೈದ್ಯರನ್ನು ಒಂದು ಮಾತು ಕೇಳುವುದು ವಿವೇಕ.

ಈಗ ಮೂರನೆಯ ಸ್ಥಾನಕ್ಕೆ ಬರೋಣ. ಔಷಧವು ಕ್ಷೇಮವಾಗಿ ರಕ್ತವನ್ನು ಸೇರಿದ ಮೇಲೆ ಅದರ ಮುಖ್ಯ ವಿರೋಧಿ ಉಪ್ಪು. ಉಪ್ಪಿನ ಸೋಡಿಯಂ ದೇಹದಲ್ಲಿ ನೀರನ್ನು ಹಿಡಿದಿಡುತ್ತದೆ. ನೀರು ಹೆಚ್ಚಿದಂತೆ ನಾಳಗಳ ಒಳಗಿನ ಭಾರವೂ ಹೆಚ್ಚುತ್ತದೆ. ಒಳ್ಳೆಯ ಔಷಧಗಳು ಬರುವುದಕ್ಕೆ ಮುಂಚೆಯೇ, ಜರ್ಮನಿಯಿಂದ ಅಮೆರಿಕಕ್ಕೆ ಬಂದು ನೆಲೆಸಿದ ವಾಲ್ಟರ್ ಕೆಂಪ್ನರ್ ಎಂಬ ವೈದ್ಯರು ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ ತೀವ್ರರೋಗಿಗಳಿಗೆ ಬರಿಯ ಅನ್ನವನ್ನೂ ಹಣ್ಣನ್ನೂ ಕೊಟ್ಟು ಅನೇಕರ ಒತ್ತಡವನ್ನು ಇಳಿಸಿದ್ದರು. 1944ರಲ್ಲಿ ಅವರು ಅದನ್ನು ವೈದ್ಯರ ಮುಂದೆ ಮಂಡಿಸಿದರು. ಅನ್ನದಲ್ಲಿ ಮಹಿಮೆಯಿದೆಯೆಂದು ಅನ್ನವನ್ನೇ ಉಣ್ಣುವ ನಾವು ಹಿಗ್ಗುವುದಕ್ಕೆ ಕಾರಣವಿಲ್ಲ. ಆ ಆಹಾರದಲ್ಲಿ ಉಪ್ಪು ಇಲ್ಲವೆನ್ನುವಷ್ಟು ಕಡಮೆಯಾಗಿದ್ದುದೇ ಅದರ ಗುಣಕ್ಕೆ ಮುಖ್ಯಕಾರಣವೆಂದು ವೈದ್ಯರು ಎಣಿಸುತ್ತಾರೆ.

ಔಷಧವಿದ್ದರೂ ಉಪ್ಪಿನ ಬಲವು ಎಷ್ಟೆಂಬುದನ್ನು 2009ರಲ್ಲಿ ಪ್ರಕಟವಾದ ಒಂದು ಸಣ್ಣ ಪರೀಕ್ಷೆ ತೋರಿಸಿಕೊಟ್ಟಿತು. ಸರಾಸರಿ ಮೂರಕ್ಕಿಂತ ಹೆಚ್ಚು ಔಷಧಗಳನ್ನು ಸೇವಿಸುತ್ತಿದ್ದರೂ ಒತ್ತಡವು ಇಳಿಯದೆ ಇದ್ದ 12 ಮಂದಿಗೆ ಒಂದು ವಾರ ಬಹಳ ಉಪ್ಪಿನ ಆಹಾರವನ್ನೂ ಮತ್ತೊಂದು ವಾರ ಬಹಳ ಕಡಮೆ ಉಪ್ಪಿನ ಆಹಾರವನ್ನೂ ಕೊಟ್ಟರು. ಔಷಧಗಳನ್ನು ಮಾತ್ರ ಬದಲಾಯಿಸಲಿಲ್ಲ. ಉಪ್ಪು ಕಡಮೆಯಾದ ವಾರದಲ್ಲಿ ಮೇಲಿನ ಅಂಕವು ಸುಮಾರು 23, ಕೆಳಗಿನ ಅಂಕವು ಸುಮಾರು 9 ಮಿಲಿಮೀಟರುಗಳಷ್ಟು ತಗ್ಗಿತು. "ಮಾತ್ರೆ ಕೆಲಸಮಾಡುತ್ತಿಲ್ಲ" ಎಂಬ ದೂರನ್ನು ವೈದ್ಯರ ಬಳಿಗೆ ಒಯ್ಯುವ ಮುಂಚೆ ಮನೆಯ ಉಪ್ಪಿನ ಭರಣಿಯ ಕಡೆಗೆ ಒಮ್ಮೆ ನೋಡಬೇಕೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯವೇನು ಬೇಕು?

ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಮೆ, ಎಂದರೆ ಒಂದು ಚಹಾ ಚಮಚಕ್ಕೆ ಕೊಂಚ ಕಡಮೆ ಉಪ್ಪು ಸಾಕೆಂದು ಹೇಳುತ್ತದೆ. ನಮ್ಮ ದೇಶದಲ್ಲಿ ನಡೆದ ಪರಿಶೀಲನೆಗಳಲ್ಲಿ ಕಂಡುಬಂದಿರುವುದು 8ರಿಂದ 11 ಗ್ರಾಂ. ಸಾರಿಗೆ ಹಾಕಿದ ಉಪ್ಪು ಕಣ್ಣಿಗೆ ಕಾಣುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಚಟ್ನಿಪುಡಿ, ಕುರುಕುತಿಂಡಿಗಳಲ್ಲಿರುವುದು ಲೆಕ್ಕಕ್ಕೆ ಬರುವುದಿಲ್ಲ. ಅಡಿಗೆ ಸೋಡದಲ್ಲಿಯೂ ಹೊಟ್ಟೆಯುರಿಗೆ ನೀರಿನಲ್ಲಿ ಕದಡಿ ಕುಡಿಯುವ ನೊರೆಪುಡಿಗಳಲ್ಲಿಯೂ ಉಪ್ಪಿನ ರುಚಿ ಇಲ್ಲದಿದ್ದರೂ ಸೋಡಿಯಂ ಉಂಟು. ಸೈಂಧವಲವಣವು ಒತ್ತಡಕ್ಕೆ ದೋಷವಲ್ಲವೆಂಬ ನಂಬಿಕೆಯೂ ಸರಿಯಲ್ಲ. ಅದು ಕೂಡ ಬಹುಮಟ್ಟಿಗೆ ಸೋಡಿಯಂ ಕ್ಲೋರೈಡೇ. ಎಲೆಯ ಕೊನೆಗೆ ಬಡಿಸಿದ ಉಪ್ಪನ್ನು ಮುಟ್ಟದಿರುವುದು, ಅನ್ನಕ್ಕೂ ಚಪಾತಿಯ ಹಿಟ್ಟಿಗೂ ಮಜ್ಜಿಗೆಗೂ ಉಪ್ಪು ಹಾಕದಿರುವುದು, ಹುಳಿ ಮೆಣಸು ಕೊತ್ತಂಬರಿಗಳಿಂದ ರುಚಿಯನ್ನು ತುಂಬುವುದು, ಇವು ಮನೆಯಲ್ಲಿ ಮಾಡಬಹುದಾದ ಕೆಲಸಗಳು.

ಉಪ್ಪಿನ ಈ ವಿಚಾರವು ನಮ್ಮನ್ನು ಮತ್ತೊಂದು ವಿಷಯಕ್ಕೆ ಒಯ್ಯುತ್ತದೆ. ಸೋಡಿಯಂ ಕಡಮೆಮಾಡಿ ಪೊಟಾಸಿಯಂ ಬೆರಸಿದ ಉಪ್ಪು ಈಗ ಅಂಗಡಿಗಳಲ್ಲಿ ದೊರೆಯುತ್ತದೆ. ಚೀನಾ ದೇಶದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ನೂರಕ್ಕೆ 25 ಪಾಲು ಪೊಟಾಸಿಯಂ ಕ್ಲೋರೈಡ್ ಸೇರಿದ ಉಪ್ಪನ್ನು ಬಳಸಿದವರಲ್ಲಿ ಪಾರ್ಶ್ವವಾಯು ನೂರಕ್ಕೆ 14ರಷ್ಟು ಕಡಮೆಯಾಯಿತು. ಇದು ದೊಡ್ಡ ಲಾಭವೇ ಸರಿ. ಆದರೆ ಮೂತ್ರಪಿಂಡದ ತೀವ್ರರೋಗವುಳ್ಳವರನ್ನೂ ದೇಹದಲ್ಲಿ ಪೊಟಾಸಿಯಂ ಉಳಿಸುವ ಮೂತ್ರಲ ಔಷಧಗಳನ್ನು ಸೇವಿಸುವವರನ್ನೂ ಆ ಪರೀಕ್ಷೆಗೆ ಸೇರಿಸಿಕೊಳ್ಳಲಿಲ್ಲ ಎಂಬುದನ್ನು ಮರೆಯಬಾರದು. ಅದಕ್ಕೆ ಕಾರಣವಿದೆ. ಸ್ಪೈರೊನೊಲ್ಯಾಕ್ಟೋನ್ ಪೊಟಾಸಿಯಂ ಹೊರಹೋಗದಂತೆ ತಡೆಯುತ್ತದೆ. "ಪ್ರಿಲ್" "ಸಾರ್ಟಾನ್" ಗಳೂ ಸ್ವಲ್ಪಮಟ್ಟಿಗೆ ಹಾಗೆಯೇ ಮಾಡುತ್ತವೆ. ಆರೋಗ್ಯವಂತನ ಮೂತ್ರಪಿಂಡವು ಹೆಚ್ಚಾದುದನ್ನು ಹೇಗೋ ಹೊರಹಾಕುತ್ತದೆ. ಮೂತ್ರಪಿಂಡವು ದುರ್ಬಲವಾಗಿದ್ದು, ಇಂಥ ಔಷಧವೂ ನಡೆಯುತ್ತಿದ್ದು, ಮೇಲೆ ಪೊಟಾಸಿಯಂ ಉಪ್ಪೂ ಸೇರಿದರೆ, ರಕ್ತದಲ್ಲಿ ಪೊಟಾಸಿಯಂ ಏರಿ ಹೃದಯದ ಬಡಿತವೇ ತಪ್ಪಿ ಪ್ರಾಣಕ್ಕೆ ಅಪಾಯವಾಗಬಹುದು. ಇದಕ್ಕೂ ಮುನ್ಸೂಚನೆಯಿರಲೇಬೇಕೆಂಬ ನಿಯಮವಿಲ್ಲ.

ಎಳನೀರಿನ ವಿಷಯವೂ ಇಂಥದೇ. ಒಂದು ದೊಡ್ಡ ಲೋಟ ಎಳನೀರಿನಲ್ಲಿ ಸುಮಾರು 600 ಮಿಲಿಗ್ರಾಂ ಪೊಟಾಸಿಯಂ ಇರುತ್ತದೆ. ಮೂತ್ರದೊಡನೆ ಪೊಟಾಸಿಯಮನ್ನು ಕಳೆಯುವ ಹೈಡ್ರೊಕ್ಲೋರೊಥಯಜೈಡ್, ಕ್ಲೋರ್ಥಾಲಿಡೋನ್ ಮುಂತಾದುವನ್ನು ಸೇವಿಸುವ, ಮೂತ್ರಪಿಂಡ ಗಟ್ಟಿಯಾಗಿರುವವನಿಗೆ ಎಳನೀರು ಬಾಳೆಹಣ್ಣುಗಳು ಹಿತವೇ. ಮೂತ್ರಪಿಂಡದ ರೋಗವಿದ್ದು ಸ್ಪೈರೊನೊಲ್ಯಾಕ್ಟೋನ್ ಸೇವಿಸುವವನಿಗೆ ಅದೇ ಎಳನೀರು ಅಪಥ್ಯ. ಒಂದೇ ಮನೆಯಲ್ಲಿ ಗಂಡನಿಗೆ ಪಥ್ಯವಾದುದು ಹೆಂಡತಿಗೆ ಅಪಥ್ಯವಾಗಬಹುದು. ರಕ್ತದ ಪೊಟಾಸಿಯಮನ್ನೂ ಮೂತ್ರಪಿಂಡದ ಸ್ಥಿತಿಯನ್ನೂ ಆಗಾಗ್ಗೆ ಪರೀಕ್ಷಿಸಬೇಕೆಂದು ವೈದ್ಯರು ಹೇಳುವುದು ಇದರಿಂದಲೇ.

ಗ್ರಂದಿಗೆಯಂಗಡಿಯ ಒಂದು ವಸ್ತುವನ್ನೂ ಇಲ್ಲಿ ಹೆಸರಿಸಬೇಕು. ಕೆಮ್ಮಿಗೂ ಗಂಟಲಿಗೂ ಬಳಸುವ ಜ್ಯೇಷ್ಠಮಧು ಅಥವಾ ಅತಿಮಧುರವನ್ನು ಹಾಡುವವರು ಬಾಯಿಯಲ್ಲಿಟ್ಟುಕೊಳ್ಳುವುದುಂಟು. ಜಠರದ ಹುಣ್ಣಿಗೆ ಇದನ್ನು ಕೊಟ್ಟ ರೋಗಿಗಳ ಮೈ ಊದಿಕೊಳ್ಳುವುದನ್ನು ಹಾಲೆಂಡಿನ ರೆವರ್ಸ್ ಎಂಬ ವೈದ್ಯರು 1946ರಲ್ಲಿ ವರದಿಮಾಡಿದರು. ಅದರ ಸಿಹಿಯ ಸತ್ತ್ವವು ದೇಹದಲ್ಲಿ ಸೋಡಿಯಮನ್ನು ಉಳಿಸಿ ಪೊಟಾಸಿಯಮನ್ನು ಕಳೆದು ಒತ್ತಡವನ್ನು ಏರಿಸುತ್ತದೆ. ಎಂದರೆ ಔಷಧವು ಇಳಿಸುತ್ತಿರುವುದನ್ನು ಇದು ಏರಿಸುತ್ತದೆ. ಎಂದೋ ಒಮ್ಮೆ ಚೂರು ಅಗಿದರೆ ಬಾಧೆಯಿಲ್ಲ. ದಿನವೂ ಕಷಾಯಮಾಡಿ ಕುಡಿಯುವುದು ಒತ್ತಡದ ರೋಗಿಗೆ ಸಲ್ಲದು. ಮನೆಮದ್ದು ಎಂದಮಾತ್ರಕ್ಕೆ ಅದನ್ನು ವೈದ್ಯರಿಂದ ಮರೆಮಾಡಬಾರದು.

ಕಾಫಿಯ ವಿಷಯದಲ್ಲಿ ನಾವು ಕಠೋರವಾಗಿ ಮಾತನಾಡಬೇಕಾಗಿಲ್ಲ. ಅದು ಒತ್ತಡವನ್ನು ಕೆಲವು ಗಂಟೆಗಳ ಮಟ್ಟಿಗೆ ಏರಿಸಬಹುದು. ಅಭ್ಯಾಸವಿಲ್ಲದವರಲ್ಲಿ ಈ ಏರಿಕೆಯು ಹೆಚ್ಚು. ಒತ್ತಡವನ್ನು ಅಳೆಯುವ ಮುಂಚಿನ ಅರ್ಧಗಂಟೆಯಲ್ಲಿ ಕಾಫಿ ಕುಡಿಯದಿದ್ದರೆ ಅಳತೆಯು ನಂಬತಕ್ಕದ್ದಾಗಿರುತ್ತದೆ. ಮದ್ಯವು ಕೆಲವು ಔಷಧಗಳೊಡನೆ ಸೇರಿ ಒತ್ತಡವನ್ನು ಆ ಹೊತ್ತಿಗೆ ಕುಸಿಯುವಂತೆ ಮಾಡಿದರೂ, ದಿನಗಳೆದಂತೆ ಅದನ್ನು ಏರಿಸುತ್ತದೆ.

ವೃದ್ಧರಲ್ಲಿ ಊಟವೇ ಒತ್ತಡವನ್ನು ಇಳಿಸುವುದುಂಟು. ಭರ್ಜರಿಯಾದ ಊಟವಾದ ಮೇಲೆ ರಕ್ತವು ಕರುಳಿನ ಕಡೆಗೆ ಹೆಚ್ಚಾಗಿ ಹರಿಯುತ್ತದೆ. ಎಳೆಯರ ದೇಹವು ಅದನ್ನು ಸರಿದೂಗಿಸಿಕೊಳ್ಳುತ್ತದೆ, ವೃದ್ಧರ ದೇಹಕ್ಕೆ ಅದು ಸಾಧ್ಯವಾಗದೆ ಹೋಗಬಹುದು. ಊಟವಾದ ಎರಡು ಗಂಟೆಗಳೊಳಗೆ ಮೇಲಿನ ಅಂಕವು 20 ಮಿಲಿಮೀಟರು ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಅದನ್ನು ಒಂದು ವ್ಯಾಧಿಯೆಂದೇ ವೈದ್ಯರು ಎಣಿಸುತ್ತಾರೆ. ಮಾತ್ರೆಯ ಶಕ್ತಿಯೂ ಅದೇ ಹೊತ್ತಿಗೆ ಶಿಖರವನ್ನು ಮುಟ್ಟಿದರೆ, ಎಲೆಯ ಮುಂದಿನಿಂದ ಎದ್ದವರು ತಲೆಸುತ್ತಿ ಬಿದ್ದು ಮೂಳೆ ಮುರಿದುಕೊಳ್ಳುವ ಪ್ರಸಂಗ ಒದಗಬಹುದು. ಹಬ್ಬದ ಊಟದ ಮೇಲೆ ಹಿರಿಯರಿಗೆ ಮಂಪರು, ತಲೆಸುತ್ತು ಬರುತ್ತಿದ್ದರೆ ವಯೋಧರ್ಮವೆಂದು ತಳ್ಳಿಹಾಕದೆ ವೈದ್ಯರಿಗೆ ತಿಳಿಸಬೇಕು. ಸ್ವಲ್ಪಸ್ವಲ್ಪವಾಗಿ ಹಲವು ಸಲ ಉಣ್ಣುವುದರಿಂದಲೂ ಮಾತ್ರೆಯ ವೇಳೆಯನ್ನು ವೈದ್ಯರೇ ಬದಲಾಯಿಸುವುದರಿಂದಲೂ ಎಷ್ಟೋ ಪರಿಹಾರ ದೊರೆಯುತ್ತದೆ.

ಉಪವಾಸದ ದಿನಗಳ ಮಾತನ್ನು ಹೇಳದೆ ಬಿಡುವಂತಿಲ್ಲ. ಏಕಾದಶಿಯಾಗಲಿ ರಂಜಾನಾಗಲಿ, ನೀರನ್ನೂ ಬಿಟ್ಟು ಮೂತ್ರವನ್ನು ಹೆಚ್ಚಿಸುವ ಮಾತ್ರೆಯನ್ನು ಸೇವಿಸಿದರೆ ದೇಹವು ಒಣಗಿ ಒತ್ತಡವು ಕುಸಿಯಬಹುದು. ಊಟವಿಲ್ಲವೆಂದು ಮಾತ್ರೆಯನ್ನೇ ಬಿಟ್ಟರೆ ಇನ್ನೊಂದು ಅಪಾಯವುಂಟು. "ಲಾಲ್" ಕುಲದ ಔಷಧಗಳನ್ನೂ ಕ್ಲೊನಿಡಿನ್ ಎಂಬುದನ್ನೂ ಹಠಾತ್ತಾಗಿ ನಿಲ್ಲಿಸಿದರೆ ಹೃದಯವೂ ಒತ್ತಡವೂ ಕೆರಳಿ ಏಳಬಹುದು. ವ್ರತವನ್ನು ಆಚರಿಸುವವರು ಕೆಲವು ದಿನಗಳ ಮುಂಚೆಯೇ ವೈದ್ಯರೊಡನೆ ಕುಳಿತು ಆ ದಿನದ ಮಾತ್ರೆಯ ಕ್ರಮವನ್ನು ಗೊತ್ತುಮಾಡಿಕೊಂಡರೆ ವ್ರತವೂ ನಡೆಯುತ್ತದೆ, ದೇಹವೂ ಉಳಿಯುತ್ತದೆ.

ಇಷ್ಟನ್ನೆಲ್ಲ ಕೇಳಿದವರು ತಮ್ಮ ಮಾತ್ರೆಯ ಹೊತ್ತನ್ನೊ ಪ್ರಮಾಣವನ್ನೊ ನಾಳೆಯಿಂದಲೇ ತಾವಾಗಿ ಬದಲಾಯಿಸಿಬಿಟ್ಟರೆ ಈ ಭಾಷಣದಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚಾದೀತು. ಮಾಡಬೇಕಾದುದು ಬೇರೆ. ಮುಂದಿನ ಸಲ ವೈದ್ಯರ ಬಳಿಗೆ ಹೋದಾಗ ಐದು ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಬೇಕು. ಈ ಮಾತ್ರೆಯನ್ನು ಊಟಕ್ಕೆ ಮುಂಚೆ ಸೇವಿಸಬೇಕೊ, ಆಮೇಲೊ? ಇದರೊಡನೆ ಬಿಡಬೇಕಾದ ಹಣ್ಣು, ಪಾನೀಯ, ಮನೆಮದ್ದು ಯಾವುದಾದರೂ ಉಂಟೆ? ಇದು ಪೊಟಾಸಿಯಮನ್ನು ಉಳಿಸುವುದೊ, ಕಳೆಯುವುದೊ? ನನ್ನ ಮೂತ್ರಪಿಂಡದ ಸ್ಥಿತಿ ಹೇಗಿದೆ? ಮರೆತ ದಿನವೂ ಉಪವಾಸದ ದಿನವೂ ಏನು ಮಾಡಬೇಕು? ಕೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಇವಕ್ಕೆ ಉತ್ತರವು ಹತ್ತು ನಿಮಿಷದ ಕೆಲಸ. ಮಾತ್ರೆಯು ಸೇವಿಸಬೇಕಾದುದೊ ಬಹುಮಂದಿಗೆ ಜೀವಮಾನ ಪೂರ್ತಿ.

ಹಾಗಾದರೆ ರಕ್ತದ ಒತ್ತಡದ ಔಷಧಕ್ಕೆ ಪಥ್ಯವುಂಟೆ? ನಿಶ್ಚಯವಾಗಿಯೂ ಉಂಟು. ಅದು ಎಲ್ಲರಿಗೂ ಒಂದೇ ಅಲ್ಲ. ಮಾತ್ರೆಗೆ ಮಾತ್ರೆಗೂ ಮನುಷ್ಯನಿಗೆ ಮನುಷ್ಯನಿಗೂ ಬೇರೆಬೇರೆ. ಎಲ್ಲರಿಗೂ ಸಲ್ಲುವ ಭಾಗವು ಮಾತ್ರ ಬಹು ಚಿಕ್ಕದು. ಅನುಪಾನಕ್ಕೆ ನೀರು, ಊಟದಲ್ಲಿ ಉಪ್ಪಿನ ಮಿತಿ, ದಿನವೂ ಒಂದೇ ಹೊತ್ತು, ತಾನಾಗಿ ನಿಲ್ಲಿಸದಿರುವುದು, ಇವಿಷ್ಟೆ. ಮಾತ್ರೆಯ ಕೆಲಸದಲ್ಲಿ ಅರ್ಧವನ್ನು ಔಷಧವು ಮಾಡಿದರೆ ಉಳಿದ ಅರ್ಧವನ್ನು ಅದನ್ನು ಸೇವಿಸುವವನೂ ಅವನಿಗೆ ಅಡಿಗೆಮಾಡಿ ಬಡಿಸುವವರೂ ಮಾಡಬೇಕು. ಮನೆಯ ಒಬ್ಬರಿಗೆ ಮಾತ್ರ ಉಪ್ಪು ಕಡಮೆಮಾಡಿ ಬೇರೆ ಬಡಿಸುವ ಬದಲು ಮನೆಯವರೆಲ್ಲರೂ ಅದನ್ನೇ ಉಂಡರೆ, ರೋಗಿಗೆ ತಾನು ರೋಗಿಯೆಂಬ ಭಾವವೂ ಹುಟ್ಟುವುದಿಲ್ಲ. ಇನ್ನೂ ರೋಗವು ಮುಟ್ಟದಿರುವವರಿಗೂ ಒಳ್ಳೆಯದೇ ಆಗುತ್ತದೆ.